ಊರಿನ ನಡುವಿನ ಮಾಲನ್ನು ನೋಡೋದು ಹೇಗೆ?

ಮಾಲ್‌ಗೆ ಹೋದರೆ ನಾವು ಏನು ನೋಡ್ತೀವಿ? ಅಂಗಡಿ, ಫುಡ್ ಕೋರ್ಟ್, ಸಿನಿಮಾ, ಕೊನೆಗೊಂದು ಸೆಲ್ಫಿ. ಕಟ್ಟಡವನ್ನು ನೋಡುವವರು ಕಡಿಮೆ. ಆದರೆ ಏನೂ ಕೊಳ್ಳದೆ ಬರೀ ನೋಡಿಕೊಂಡು ಬರಬಹುದಾದ ಮಾಲ್‌ಗಳೂ ಇವೆ. ಕೆನಡಾದ ಟೊರಾಂಟೊ ನಗರದ ನಡುಮಧ್ಯದ ಈಟನ್ ಸೆಂಟರ್ ಅಂಥದ್ದು. ಒಂದು ಮಾಲ್ ಊರಿನ ಹೆಗ್ಗುರುತು ಆಗೋದು ಹೇಗೆ ಅಂತ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಎರಡು ತುದಿ, ನಡುವೆ ದಾರಿ

ಈ ಮಾಲ್ ಯಂಗ್ ಬೀದಿಯ ಪಕ್ಕದಲ್ಲಿ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡಿದೆ. ಇದರ ಮೊದಲ ಭಾಗ ತೆರೆದದ್ದು 1977ರಲ್ಲಿ. ಉತ್ತರದ ತುದಿಯಲ್ಲಿ ಈಟನ್ಸ್ ಎಂಬ ದೊಡ್ಡ ಮಳಿಗೆ. ದಕ್ಷಿಣದಲ್ಲಿ, ಕ್ವೀನ್ ಬೀದಿಯ ಆಚೆ, ಅದರ ಹಳೆಯ ಪ್ರತಿಸ್ಪರ್ಧಿ ಸಿಂಪ್ಸನ್ಸ್. ಬೀದಿಯ ಮೇಲೆ ಸೇತುವೆ ಹಾಕಿ ಸಿಂಪ್ಸನ್ಸನ್ನೂ ಮಾಲ್‌ಗೆ ಜೋಡಿಸಿದರು. ಜಿಮ್‌ನ ಡಂಬೆಲ್ ನೆನಪಿಸಿಕೊಳ್ಳಿ: ಎರಡು ತುದಿಗೂ ಭಾರ, ನಡುವೆ ಹಿಡಿ. ಜನ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವಾಗ ನಡುವಿನ ಸಣ್ಣ ಅಂಗಡಿಗಳಿಗೆ ವ್ಯಾಪಾರ ಆಗುತ್ತೆ. ಎಷ್ಟೋ ಮಾಲ್‌ಗಳ ನಕ್ಷೆ ಹೀಗೇ ಇರುತ್ತೆ.

ಇಲ್ಲಿನ ವಿಶೇಷ ಏನೆಂದರೆ, ಎರಡೂ ತುದಿಗಳಲ್ಲಿ ಸಬ್‌ವೇ ನಿಲ್ದಾಣಗಳಿವೆ. ಹೊರಗೆ ಹಿಮ ಬೀಳುತ್ತಿರುವಾಗ ಒಳಗಿನಿಂದಲೇ ನಡೆದು ಹೋಗಬಹುದು. ಹಾಗಾಗಿ ಶಾಪಿಂಗ್ ಬೇಡದವರಿಗೂ ಇದು ಒಂದು ದಾರಿ.

ಗಾಜಿನ ಸೂರು

ಮಾಮೂಲಿ ಮಾಲ್ ಒಳಗೆ ಕಿಟಕಿ ಇರಲ್ಲ, ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಇಲ್ಲಿ ಹಾಗಲ್ಲ. ವಾಸ್ತುಶಿಲ್ಪಿ ಎಬರ್‌ಹಾರ್ಡ್ ಜೈಡ್ಲರ್ ಇಟಲಿಯ ಮಿಲಾನ್ ನಗರದಲ್ಲಿರುವ 19ನೇ ಶತಮಾನದ ಗ್ಯಾಲರಿಯನ್ನು ಮಾದರಿಯಾಗಿಟ್ಟುಕೊಂಡು, ನಡುವಿನ ಉದ್ದನೆಯ ಹಾದಿಗೆ ಕಮಾನಿನ ಆಕಾರದ ಗಾಜಿನ ಚಾವಣಿ ಹೊದಿಸಿದರು. ಅಂತಸ್ತುಗಳ ನಡುವೆ ಜಾಗ ತೆರೆದೇ ಇರುವುದರಿಂದ ಹಗಲಿನ ಬೆಳಕು ಕೆಳಗಿನವರೆಗೂ ಇಳಿಯುತ್ತೆ. ಒಳಗಿದ್ದರೂ ಬೀದಿಯಲ್ಲೇ ನಡೆದ ಹಾಗಿರುತ್ತೆ.

ಊರು "ಬೇಡ" ಅಂದಾಗ

ಪಾಠದ ಮುಖ್ಯ ಭಾಗ ಇದು. 1960ರ ದಶಕದ ಮೊದಲ ಯೋಜನೆಯಂತೆ ಕಟ್ಟಿದ್ದರೆ, 1899ರ ಹಳೆಯ ಪುರಭವನದ ಗಡಿಯಾರದ ಗೋಪುರ ಬಿಟ್ಟು ಉಳಿದದ್ದೆಲ್ಲ ನೆಲಸಮ ಆಗ್ತಿತ್ತು. ಪಕ್ಕದ ಹೋಲಿ ಟ್ರಿನಿಟಿ ಚರ್ಚ್‌ಗೂ ಅದೇ ಗತಿ ಕಾದಿತ್ತು. ನಾಗರಿಕರು ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. ಮತ್ತೆ ಹೊಸ ನಕ್ಷೆ ಬಂದಾಗ ಚರ್ಚಿನವರು ಇನ್ನೊಂದು ಮಾತು ಎತ್ತಿದರು: ನಮ್ಮ ಬಿಸಿಲು ತಡೆಯಬೇಡಿ. ಆ ಬಿಸಿಲಿಗಾಗಿ ಕಟ್ಟಡದ ವಿನ್ಯಾಸವೇ ಬದಲಾಯಿತು! ಇವತ್ತು ಮಾಲ್‌ನ ಪಶ್ಚಿಮದ ಬಾಗಿಲಿನಿಂದ ಹೊರಬಂದರೆ ಆ ಚರ್ಚ್ ಕಾಣುತ್ತೆ.

ಹಾಗಂತ ಎಲ್ಲವೂ ಸರಿಯಾಗಿತ್ತು ಅಂತಲ್ಲ. ಯಂಗ್ ಬೀದಿಯ ಕಡೆಗೆ ಮಾಲ್ ಬೆನ್ನು ತಿರುಗಿಸಿ ಬರೀ ಗೋಡೆ ತೋರಿಸುತ್ತೆ ಎಂಬ ಟೀಕೆ ಬಹಳ ವರ್ಷ ಇತ್ತು. ಮುಂದೆ ನವೀಕರಣ ಮಾಡಿದಾಗ ಬೀದಿಗೆ ಬಾಗಿಲು ತೆರೆಯುವ ಅಂಗಡಿಗಳು ಬಂದವು.

ಅರವತ್ತು ಹೆಬ್ಬಾತುಗಳು

ಒಳಗೆ ನಿಂತು ತಲೆ ಎತ್ತಿದರೆ ಹೆಬ್ಬಾತುಗಳ ಹಿಂಡು ಹಾರುತ್ತಿರುವಂತೆ ಕಾಣುತ್ತೆ. ಕಲಾವಿದ ಮೈಕೆಲ್ ಸ್ನೋ ಮಾಡಿದ 60 ಫೈಬರ್‌ಗ್ಲಾಸ್ ಹಕ್ಕಿಗಳು ಇವು. ಒಂದು ಕ್ರಿಸ್‌ಮಸ್‌ಗೆ ಮಾಲ್‌ನವರು ಇವುಗಳ ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿದರು. ದುಡ್ಡು ಕೊಟ್ಟು ಕೊಂಡದ್ದು, ನಮ್ಮಿಷ್ಟ ಅಂದುಕೊಂಡಿರಬೇಕು. ಸ್ನೋ ಕೋರ್ಟಿಗೆ ಹೋದರು. ಕೃತಿ ಮಾರಿದ ಮೇಲೂ ಅದರ ಘನತೆ ಕಾಪಾಡುವ ಹಕ್ಕು ಕಲಾವಿದನಿಗೆ ಇದೆ ಎಂದು 1982ರಲ್ಲಿ ತೀರ್ಪು ಬಂತು, ರಿಬ್ಬನ್ ಬಿಚ್ಚಲೇಬೇಕಾಯಿತು. ಕಲಾವಿದರ ಹಕ್ಕುಗಳ ಬಗ್ಗೆ ಮಾತು ಬಂದಾಗ ಇಂದಿಗೂ ಈ ಮೊಕದ್ದಮೆಯನ್ನು ನೆನೆಯುತ್ತಾರೆ.

ಈಟನ್ಸ್ ಕಂಪನಿ 1999ರಲ್ಲಿ ದಿವಾಳಿಯಾಯಿತು. ಮಾಲ್ ಮಾತ್ರ ಅದೇ ಹೆಸರಲ್ಲಿ ಉಳಿದಿದೆ. ಅದನ್ನು ಕಟ್ಟಿದ್ದು ವ್ಯಾಪಾರಿಗಳೇ ಆದರೂ, ಊರಿನದ್ದಾಗಿ ಮಾಡಿದ್ದು ನಡೆಯುವ ದಾರಿ, ಬೆಳಕು ಮತ್ತು ಅಡ್ಡ ನಿಂತ ಜನ.

ಮುಂದಿನ ಸಲ ನಮ್ಮೂರಿನ ಯಾವುದೇ ಮಾಲ್‌ಗೆ ಹೋದಾಗ ಮೂರು ಪ್ರಶ್ನೆ ಕೇಳಿ ನೋಡಿ. ಬಸ್ಸು, ಮೆಟ್ರೋದಿಂದ ಇಳಿದು ನಡೆದೇ ಒಳಗೆ ಹೋಗಬಹುದಾ? ಒಳಗೆ ಹಗಲಿನ ಬೆಳಕು ಇದೆಯಾ? ಇದನ್ನು ಕಟ್ಟುವ ಮೊದಲು ಇಲ್ಲಿ ಏನಿತ್ತು? ಮೂರನೆಯ ಪ್ರಶ್ನೆಗೆ ಉತ್ತರ ಬೇಕಿದ್ದರೆ, ಅಲ್ಲೇ ಹೊರಗೆ ಬಹಳ ವರ್ಷಗಳಿಂದ ಹೂ ಮಾರುವ ಅಜ್ಜಿಯನ್ನೋ ಆಟೋ ಓಡಿಸುವ ಅಣ್ಣನನ್ನೋ ಕೇಳಿ.