ಇ.ಆರ್., ಪಿ.ಆರ್. ವರದಿಯನ್ನು ಓದುವ ಕ್ರಮ

ಸ್ತನದ ಕ್ಯಾನ್ಸರಿಗೂ ಸ್ತ್ರೀದೇಹದ ಹಾರ್ಮೋನುಗಳಿಗೂ ನಂಟುಂಟೆಂಬುದನ್ನು, ಅಂಡಾಶಯಗಳನ್ನು ತೆಗೆದ ಬಳಿಕ ರೋಗಿಯ ಗಡ್ಡೆ ಕುಗ್ಗಿದ ಸಂಗತಿಯನ್ನು 1896ರಲ್ಲಿ ಪ್ರಕಟಿಸಿ, ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ತೋರಿಸಿಕೊಟ್ಟನು. ಆದರೆ ಒಂದೇ ಗಡ್ಡೆಯ ಕೋಶಗಳೆಲ್ಲವೂ ಹಾರ್ಮೋನಿಗೆ ಒಂದೇ ತೆರನಾಗಿ ಓಗೊಡುವುದಿಲ್ಲ; ಈಸ್ಟ್ರೋಜನ್ನನ್ನು ಹಿಡಿದುಕೊಳ್ಳುವ ಗ್ರಾಹಕವೆಂಬ ಪ್ರೋಟೀನು (ಇ.ಆರ್.) ಯಾವ ಕೋಶದಲ್ಲಿದೆಯೋ ಆ ಕೋಶಕ್ಕೇ ಅದರ ಪ್ರಚೋದನೆ ನೇರವಾಗಿ ಮುಟ್ಟುವುದು. ಆದಕಾರಣ ಬಯಾಪ್ಸಿ ವರದಿಯಲ್ಲಿ ‘ಪಾಸಿಟಿವ್’ ಎಂಬ ಮಾತೊಂದನ್ನೇ ಕಂಡು ನಿಲ್ಲದೆ, ಈ ಮುಂದಿನ ಕ್ರಮದಲ್ಲಿ ಓದತಕ್ಕದ್ದು.

1. ಮೊದಲು ಮಾದರಿಯ ಸ್ಥಿತಿ. ತೆಗೆದ ತುಣುಕು ಒಂದು ಗಂಟೆಯೊಳಗಾಗಿ ಫಾರ್ಮಲಿನ್ ಸೇರಿ, 6ರಿಂದ 72 ಗಂಟೆಗಳ ಕಾಲ ಅದರಲ್ಲಿದ್ದಿತೇ ಎಂದು ವಿಚಾರಿಸಿರಿ. ತಡವಾದಲ್ಲಿ ಗ್ರಾಹಕಗಳು ಕ್ಷಯಿಸಿ, ಇದ್ದುದೂ ಇಲ್ಲವೆಂಬಂತೆ ತೋರಬಹುದು.

2. ಅನಂತರ ಶೇಕಡಾವಾರು. ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಗ್ರಾಹಕವುಳ್ಳ ಕೋಶದ ಕೇಂದ್ರ ಕಂದಾಗಿಯೂ, ಅದಕ್ಕೆ ಒತ್ತಿಕೊಂಡಿರುವ, ಗ್ರಾಹಕವಿಲ್ಲದ ಕೋಶದ ಕೇಂದ್ರ ನೀಲಿಯಾಗಿಯೂ ಕಾಣುವುದುಂಟು. ಕಂದು ಕೇಂದ್ರಗಳು ಶೇ. 1ಕ್ಕಿಂತ ಕಡಿಮೆಯಿದ್ದರೆ ಇ.ಆರ್. ನೆಗೆಟಿವ್, 1ರಿಂದ 10ರವರೆಗೆ ‘ಲೋ ಪಾಸಿಟಿವ್’, ಅದಕ್ಕೂ ಮೇಲ್ಪಟ್ಟರೆ ಪಾಸಿಟಿವ್.

3. ಬಣ್ಣದ ಗಾಢತೆ. ಆಲ್‌ರೆಡ್ ಪದ್ಧತಿಯಲ್ಲಿ ಕೋಶಗಳ ಪ್ರಮಾಣಕ್ಕೆ 5, ಗಾಢತೆಗೆ 3, ಒಟ್ಟು 8 ಅಂಕಗಳು. ಶೇ. 90ರಷ್ಟು ಕೋಶಗಳು ಗಾಢವಾಗಿದ್ದರೆ 8, ಶೇ. 5ರಷ್ಟು ಮಾತ್ರ ಮಸುಕಾಗಿದ್ದರೆ 3. ಎರಡೂ ಪಾಸಿಟಿವ್ ಎಂದೇ ಅಚ್ಚಾಗಿದ್ದರೂ ಹಾರ್ಮೋನು ಚಿಕಿತ್ಸೆಯಿಂದ ಎರಡರಲ್ಲಿಯೂ ಸಮನಾದ ಫಲವನ್ನು ನಿರೀಕ್ಷಿಸಲಾಗದು.

4. ಪಿ.ಆರ್. ಸಾಲು. ಪ್ರೊಜೆಸ್ಟರೋನ್ ಗ್ರಾಹಕವು ಬಹುಮಟ್ಟಿಗೆ ಈಸ್ಟ್ರೋಜನ್ ಗ್ರಾಹಕದ ಕಾರ್ಯದಿಂದಲೇ ಹುಟ್ಟುವುದರಿಂದ, ಇದೂ ಪಾಸಿಟಿವ್ ಆಗಿದ್ದರೆ ಇ.ಆರ್. ಬರಿದೇ ಇರುವುದಷ್ಟೇ ಅಲ್ಲ, ಕೆಲಸದಲ್ಲಿಯೂ ಇದೆ ಎಂಬುದಕ್ಕೆ ಸಾಕ್ಷಿ ದೊರೆತಂತೆ.

5. ಕೊನೆಗೆ ವೈದ್ಯರೊಡನೆ ಸಮಾಲೋಚನೆ. ಹಾರ್ಮೋನು ಚಿಕಿತ್ಸೆಯ ಔಷಧಗಳಲ್ಲಿ ಟ್ಯಾಮಾಕ್ಸಿಫೆನ್ ಗ್ರಾಹಕವನ್ನು ತಾನೇ ಆಕ್ರಮಿಸಿ ಈಸ್ಟ್ರೋಜನ್ನಿಗೆ ಎಡೆಗೊಡದು. ಲೆಟ್ರೊಜೋಲ್, ಮುಟ್ಟು ನಿಂತವರಲ್ಲಿ, ಈಸ್ಟ್ರೋಜನ್ನಿನ ಉತ್ಪತ್ತಿಯನ್ನೇ ತಗ್ಗಿಸುವುದು. ಶಸ್ತ್ರಚಿಕಿತ್ಸೆಯ ತರುವಾಯ ಸಾಮಾನ್ಯವಾಗಿ ಕನಿಷ್ಠ 5 ವರ್ಷ ನಡೆಯುವ ಈ ಚಿಕಿತ್ಸೆಯನ್ನು ನಡುವೆ ತಾವಾಗಿ ನಿಲ್ಲಿಸಬಾರದು. ರೋಗ ಮರುಕಳಿಸಿದಲ್ಲಿ, ಔಷಧಕ್ಕೆ ಮಣಿಯದ ಕೋಶಗಳೇ ಉಳಿದು ಬೆಳೆದಿರುವ ಸಂಭವವಿರುವುದರಿಂದ, ಹಳೆಯ ವರದಿಯನ್ನು ನೆಚ್ಚದೆ ಹೊಸ ಬಯಾಪ್ಸಿಯ ವಿಷಯವನ್ನು ವೈದ್ಯರಲ್ಲಿ ಕೇಳಿರಿ.