ಬಿಟ್ಟ ಗಡ್ಡ, ಇಟ್ಟ ಗಡ್ಡ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಗಡ್ಡದ ಬಗ್ಗೆ ಜನ ಎರಡು ಬಗೆಯಾಗಿ ಮಾತಾಡುತ್ತಾರೆ. 'ಅವನು ಗಡ್ಡ ಬಿಟ್ಟಿದ್ದಾನೆ' ಎಂಬುದು ಒಂದು. 'ಅವರು ಗಡ್ಡ ಇಟ್ಟಿದ್ದಾರೆ' ಎಂಬುದು ಇನ್ನೊಂದು. ಮನೆಯಲ್ಲಿ ಉರ್ದು ಆಡುವವರಿಗೂ ಈ ಭೇದ ಗೊತ್ತು; 'ದಾಢಿ ಛೋಡನಾ' ಬೇರೆ, 'ದಾಢಿ ರಖನಾ' ಬೇರೆ. ಹೊಲವನ್ನು ಬೀಳು ಬಿಡುವುದಕ್ಕೂ ತೋಟ ಇಡುವುದಕ್ಕೂ ಇರುವಷ್ಟೇ ಅಂತರ ಈ ಎರಡು ಕ್ರಿಯಾಪದಗಳ ನಡುವೆಯೂ ಇದೆ. ನಿಮ್ಮ ಮುಖದ ಮೇಲಿರುವುದು ಬಿಟ್ಟ ಗಡ್ಡವೋ, ಇಟ್ಟ ಗಡ್ಡವೋ?

ದಿನಾ ಮುಖ ಬೋಳಿಸುವುದು ಹೆಚ್ಚಿನ ಗಂಡಸರಿಗೆ ಬೇಸರದ ಕೆಲಸವೆಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಡಿಸೆಂಬರ್ ಚಳಿಯಲ್ಲಿ ಎದ್ದು ನೀರು ಕಾಯಿಸಬೇಕು, ನೊರೆ ಹಚ್ಚಬೇಕು, ಬ್ಲೇಡು ಕೊಯ್ದಲ್ಲಿ ಪಟಿಕ ಉಜ್ಜಬೇಕು. ಗುಂಗುರು ಕೂದಲಿನವರ ಪಾಡು ಇನ್ನೂ ಕಷ್ಟ. ಬೋಳಿಸಿದ ಕೂದಲಿನ ತುದಿ ಚರ್ಮದೊಳಕ್ಕೇ ತಿರುಗಿ ಬೆಳೆದು ಗದ್ದದ ಕೆಳಗೆಲ್ಲ ಗುಳ್ಳೆ ಏಳುತ್ತದೆ. ಸ್ವಲ್ಪ ಕಾಲ ಬ್ಲೇಡು ಮುಟ್ಟಬೇಡಿರೆಂದು ವೈದ್ಯರೇ ಹೇಳುವುದುಂಟು. ಈ ಬೇಸರದಲ್ಲಿ ಪಾಪವೇನೂ ಇಲ್ಲ.

ಹಾಗೆ ನೋಡಿದರೆ ಗಂಡಸರಿಗೆಲ್ಲ ನಿತ್ಯ ಕ್ಷೌರ ಎಂಬುದು ಇತ್ತೀಚಿನ ರೂಢಿ. ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕ್ಷೌರಿಕರು ಆಯಗಾರರಲ್ಲಿ ಒಬ್ಬರಾಗಿದ್ದರು. ಸುಗ್ಗಿಯಲ್ಲಿ ಕಣದಿಂದ ಧಾನ್ಯ ಪಡೆದು ವರ್ಷವಿಡೀ ಊರವರ ಕ್ಷೌರ ಮಾಡುತ್ತಿದ್ದರು. ಅವರ ಸರದಿ ಬಂದಾಗ ಕ್ಷೌರವೇ ಹೊರತು ದಿನಾ ಬೆಳಿಗ್ಗೆ ಅಲ್ಲ. ಅಮೆರಿಕದ ಜಿಲೆಟ್ ಎಂಬಾತ ಸವೆದರೆ ಬಿಸಾಡುವ ಬ್ಲೇಡಿನ ರೇಜರಿಗೆ 1904ರಲ್ಲಿ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ಅಲ್ಲಿನ ಸೈನಿಕರಿಗೆ ಅದನ್ನು ಹಂಚಿದರು. ಸೈನ್ಯದ ಶಿಸ್ತು ಕಚೇರಿಗೆ ಬಂತು, ಕಚೇರಿಯದು ಮನೆಗೆ ಬಂತು.

ನಮ್ಮ ನೆರೆಹೊರೆಯನ್ನೂ ನೋಡಿ. ಅಯ್ಯಪ್ಪನ ಮಾಲೆ ಧರಿಸಿದವರು 41 ದಿನ ಕ್ಷೌರ ಮಾಡಿಸುವುದಿಲ್ಲ. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳಕ್ಕೆ ಬರುವ ದಿಗಂಬರ ಮುನಿಗಳು ಕತ್ತಿಯನ್ನೇ ಮುಟ್ಟದೆ ತಲೆ, ಗಡ್ಡದ ಕೂದಲನ್ನು ಕೈಯಿಂದಲೇ ಕೀಳುತ್ತಾರೆ. ಅವರ ವಿಶ್ವಾಸ ಬೇರೆ, ನಮ್ಮದು ಬೇರೆ. ಆದರೆ ಅವರಲ್ಲಿ ಯಾರೂ ಸೋಮಾರಿತನಕ್ಕೆ ಹಾಗೆ ಮಾಡುವುದಿಲ್ಲ. ಹಿಂದೆ ಒಂದು ಸಂಕಲ್ಪವಿರುತ್ತದೆ. ನಮ್ಮಲ್ಲಿ ಎಷ್ಟು ಗಡ್ಡಗಳ ಹಿಂದೆ ಸಂಕಲ್ಪವಿದೆ? 2018ರಲ್ಲಿ 'ಕೆಜಿಎಫ್' ಚಿತ್ರ ಬಂದ ಮೇಲೆ ನಮ್ಮ ಜಿಲ್ಲೆಯವರೇ ಆದ ಅದರ ನಾಯಕನಟನ ಗಡ್ಡವನ್ನು ನೋಡಿ ಗಡ್ಡ ಬಿಟ್ಟ ಹುಡುಗರಲ್ಲಿ ನಮ್ಮ ಮೊಹಲ್ಲಾದ ಮಕ್ಕಳೂ ಇದ್ದರು. ಹಿರಿಯರು ಅದನ್ನು ನೋಡಿ ಮಾಷಾ ಅಲ್ಲಾಹ್ ಎಂದರು!

ಕರ್ಮಗಳ ಫಲ ಉದ್ದೇಶವನ್ನು ಅವಲಂಬಿಸಿದೆ ಎಂಬುದು ಉಮರ್(ರ) ವರದಿ ಮಾಡಿದ ಹದೀಸಿನ ತಾತ್ಪರ್ಯ. ಇಮಾಮ್ ಬುಖಾರಿ(ರ) ತಮ್ಮ ಗ್ರಂಥವನ್ನು ಆರಂಭಿಸಿದ್ದೇ ಈ ಹದೀಸಿನಿಂದ. ರೇಜರಿನ ಬೇಸರಕ್ಕೆ ಗಡ್ಡ ಬಿಟ್ಟವನಿಗೆ ರೇಜರಿನಿಂದ ಬಿಡುಗಡೆ ಸಿಕ್ಕಿತು. ಅವನು ಬಯಸಿದ್ದೂ ಅದನ್ನೇ. ಹಾಗಾದರೆ ಅವನು ಅದನ್ನು ಬೋಳಿಸಬೇಕೆ? ಖಂಡಿತ ಬೇಡ. ಉದ್ದೇಶವನ್ನು ಇಂದೇ ತಿದ್ದಿಕೊಳ್ಳಬಹುದು. ಮುಆದ್ ಬಿನ್ ಜಬಲ್(ರ) ರಾತ್ರಿಯ ನಮಾಝಿನಲ್ಲಿ ಪ್ರತಿಫಲ ನಿರೀಕ್ಷಿಸುವಂತೆ ತಮ್ಮ ನಿದ್ರೆಯಲ್ಲೂ ನಿರೀಕ್ಷಿಸುತ್ತಿದ್ದರು. ನಿದ್ರೆ ಯಾರಿಗೆ ಬೇಡ? ದೇಹಕ್ಕೆ ಹಿತವಾದದ್ದು ಅಲ್ಲಾಹನ ಸಂಪ್ರೀತಿಗೂ ಕಾರಣವಾಗಬಲ್ಲದು. ಆದರೆ ಆ ಉದ್ದೇಶ ಮನಸ್ಸಿನಲ್ಲಿ ಇರಬೇಕು.

ಗಡ್ಡಕ್ಕಾಗಿ ನೌಕರಿಯನ್ನೇ ಪಣವಿಟ್ಟವರಿದ್ದಾರೆ. ವಾಯುಪಡೆಯ ಇಬ್ಬರು ಮುಸ್ಲಿಂ ಸಿಬ್ಬಂದಿ ಗಡ್ಡ ಇಡುವ ಹಕ್ಕಿಗಾಗಿ ಸುಪ್ರೀಂ ಕೋರ್ಟಿನವರೆಗೂ ಹೋದರು. ಅವರಲ್ಲೊಬ್ಬರನ್ನು 2008ರಲ್ಲೇ ಸೇವೆಯಿಂದ ತೆಗೆಯಲಾಗಿತ್ತು. 2016ರ ಡಿಸೆಂಬರ್ 15ರಂದು ತೀರ್ಪು ಅವರ ವಿರುದ್ಧ ಬಂತು. ಕೂದಲು ಕತ್ತರಿಸುವುದನ್ನು ಅಥವಾ ಮುಖಕ್ಷೌರವನ್ನು ಧರ್ಮವೇ ನಿಷೇಧಿಸಿರುವವರಿಗೆ ಮಾತ್ರ ವಾಯುಪಡೆಯ ನಿಯಮದಲ್ಲಿ ವಿನಾಯಿತಿ ಇತ್ತು. ಅವರು ಆ ವರ್ಗಕ್ಕೆ ಸೇರುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಆ ತೀರ್ಪಿನ ಚರ್ಚೆ ಇಲ್ಲಿ ಬೇಡ. ಅವರು ಅಷ್ಟು ಬೆಲೆ ತೆತ್ತ ವಸ್ತು ನಮಗೆ ಬೆಳಗಿನ ಹತ್ತು ನಿಮಿಷದ ಉಳಿತಾಯವಾಗಿಬಿಟ್ಟಿದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಗಡ್ಡವನ್ನು ಬೆಳೆಯಬಿಡಿರೆಂಬ ಆಜ್ಞೆಯಲ್ಲಿ ಪ್ರವಾದಿವರ್ಯರು(ಸ) ಬಳಸಿದ ಅರಬಿ ಪದಕ್ಕೂ 'ಬಿಡು' ಎಂಬ ಅರ್ಥವಿದೆಯಲ್ಲ ಎಂದು ಅರಬಿ ಬಲ್ಲವರು ಕೇಳಬಹುದು. ನಿಜ. ಆದರೆ ಅದೇ ಉಸಿರಿನಲ್ಲಿ ಮೀಸೆ ಕತ್ತರಿಸಬೇಕೆಂಬ ಆಜ್ಞೆಯೂ ಇದೆ. ಅರ್ಧ ಹದೀಸನ್ನು ಪಾಲಿಸಿ ಇನ್ನರ್ಧವನ್ನು ಬಿಡಲಾಗದು. ಆ ಹದೀಸನ್ನು ವರದಿ ಮಾಡಿದ ಇಬ್ನು ಉಮರ್‌(ರ) ಅವರೇ ಹಜ್ಜ್ ಅಥವಾ ಉಮ್ರಾ ಮಾಡಿದಾಗ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದು ಹೆಚ್ಚಿದ್ದನ್ನು ಕತ್ತರಿಸುತ್ತಿದ್ದರು ಎಂದು ಬುಖಾರಿಯಲ್ಲಿದೆ.

ಇನ್ನು ಓರಣದ ಮಾತು. ಇಮಾಮ್ ಮಾಲಿಕ್‌ರ(ರ) ಮುವತ್ತಾದಲ್ಲಿ ಒಂದು ಘಟನೆಯಿದೆ. ತಲೆ, ಗಡ್ಡ ಕೆದರಿಕೊಂಡು ಮಸೀದಿಗೆ ಬಂದ ಒಬ್ಬರಿಗೆ ಪ್ರವಾದಿವರ್ಯರು(ಸ) ಹೊರಗೆ ಹೋಗಿ ಸರಿಪಡಿಸಿಕೊಂಡು ಬರುವಂತೆ ಕೈಸನ್ನೆ ಮಾಡಿದರು. ಅವರು ಹಾಗೆಯೇ ಮಾಡಿ ಮರಳಿದಾಗ, ಶೈತಾನನಂತೆ ತಲೆ ಕೆದರಿಕೊಂಡು ಬರುವುದಕ್ಕಿಂತ ಇದು ಉತ್ತಮವಲ್ಲವೇ ಎಂದರು. ಆ ವ್ಯಕ್ತಿಗೆ ಗಡ್ಡವಿತ್ತು. ಆದರೂ ಹೊರಗೆ ಹೋಗಬೇಕಾಯಿತು. ಪ್ರವಾದಿವರ್ಯರ(ಸ) ತಲೆ ಮತ್ತು ಗಡ್ಡದಲ್ಲಿ ಸುಗಂಧ ಹೊಳೆಯುವವರೆಗೂ ತಾವು ಅವರಿಗೆ ಶ್ರೇಷ್ಠ ಸುಗಂಧ ಹಚ್ಚುತ್ತಿದ್ದುದನ್ನು ಹಝ್ರತ್ ಆಯಿಶಾ(ರ) ನೆನಪಿಸಿಕೊಂಡಿದ್ದಾರೆ. ಇಬ್ನು ಅಬ್ಬಾಸ್‌(ರ) ಅವರಂತೂ ಹೆಂಡತಿ ತಮಗಾಗಿ ಸಿಂಗರಿಸಿಕೊಳ್ಳುವುದು ತಮಗೆ ಹೇಗೆ ಇಷ್ಟವೋ ಹಾಗೆಯೇ ತಾವೂ ಅವಳಿಗಾಗಿ ಸಿಂಗರಿಸಿಕೊಳ್ಳಬೇಕೆಂದು ಬಯಸುತ್ತಿದ್ದರು. 'ನಿಮ್ಮ ಗಡ್ಡದಲ್ಲಿ ನಿನ್ನೆಯ ಸಾರಿನ ವಾಸನೆ ಇದೆ' ಎಂದ ಹೆಂಡತಿಗೆ 'ಇದು ಸುನ್ನತ್, ಬಾಯಿ ಮುಚ್ಚು' ಎನ್ನುವ ಗಂಡಸರೇ, ಸುನ್ನತ್ತಿನ ಕಡೆ ಇರುವುದು ನೀವಲ್ಲ, ಅವಳು. ಅವಳು ಕೇಳುತ್ತಿರುವುದು ಒಂದು ಬಾಚಣಿಗೆ, ಸ್ವಲ್ಪ ಸಾಬೂನು, ಸಾಧ್ಯವಾದರೆ ಒಂದು ತೊಟ್ಟು ಅತ್ತರು.

ಗಡ್ಡ ಇಟ್ಟವನಿಗೆ ರೇಜರಿನಿಂದ ಪೂರ್ತಿ ಬಿಡುಗಡೆಯೂ ಇಲ್ಲ. ಮೀಸೆ, ಉಗುರು, ಕಂಕುಳು ಮತ್ತು ಗುಪ್ತಭಾಗದ ಕೂದಲಿನ ಶುಚಿಗೆ 40 ರಾತ್ರಿಗಳ ಗರಿಷ್ಠ ಅವಧಿಯನ್ನು ನಿಗದಿಪಡಿಸಲಾಗಿತ್ತೆಂದು ಅನಸ್(ರ) ಹೇಳಿರುವುದು ಮುಸ್ಲಿಮ್ ಗ್ರಂಥದಲ್ಲಿದೆ. ಯಾರಿಗೂ ಕಾಣದ ಈ ಸುನ್ನತ್ತಿನ ಬಗ್ಗೆ ಊರಲ್ಲಿ ಯಾರೂ ಹೊಗಳುವುದಿಲ್ಲ. ಬೇಸರಕ್ಕೆ ಬಿಟ್ಟವನು ಸಿಕ್ಕಿಬೀಳುವುದೂ ಇಲ್ಲಿಯೇ. (ಅಂಗಡಿಗೆ ಹೋದಾಗ ಕ್ಷೌರಿಕರು ಹೊಸ ಬ್ಲೇಡು ಹಾಕುವುದನ್ನು ಕಣ್ಣಾರೆ ನೋಡಿ. ಹೆಪಟೈಟಿಸ್ ಬಿ ಕಾಯಿಲೆ ಬ್ಲೇಡಿಗಂಟಿದ ರಕ್ತದಿಂದ ಹರಡಬಲ್ಲದು.)

ಬೋಳಿಸುವವರ ವಿಷಯದಲ್ಲಿ ನಾಲಗೆ ಬಿಗಿಹಿಡಿಯಿರಿ. ನಮ್ಮ ದೇಶದ ಹನಫಿ ಉಲೆಮಾಗಳು ಒಂದು ಮುಷ್ಟಿ ಗಡ್ಡವನ್ನು ವಾಜಿಬ್ ಎನ್ನುತ್ತಾರೆ. ಶಾಫಿಈ ಮದ್‌ಹಬಿನ ಅನೇಕ ವಿದ್ವಾಂಸರು ಬೋಳಿಸುವುದನ್ನು ಮಕ್ರೂಹ್ ಎಂದಿದ್ದಾರೆ. ಸಕಲೇಶಪುರದ ಕಡೆಯ ಬ್ಯಾರಿ ಸಹೋದರರು ಪಕ್ಕದ ಸಫ್ಫಿನಲ್ಲಿ ನಿಂತಾಗ ಇದು ನೆನಪಿರಲಿ. ಎರಡು ಮದ್‌ಹಬಿನಲ್ಲೂ ಗಡ್ಡ ಇಡುವುದೇ ಪ್ರವಾದಿಚರ್ಯೆ. ಇನ್ನೊಬ್ಬನನ್ನು ಹೀಯಾಳಿಸುವುದಕ್ಕೆ ಯಾವ ಮದ್‌ಹಬಿನಲ್ಲೂ ಅವಕಾಶವಿಲ್ಲ.

ಗಡ್ಡವಿದ್ದವನ ಹೊಣೆ ಬಜಾರಿನಲ್ಲಿ ಇಮ್ಮಡಿಯಾಗುತ್ತದೆ. ಬೋಳಿಸಿದವನು ಆಲೂಗೆಡ್ಡೆಯ ತೂಕದಲ್ಲಿ ಮೋಸ ಮಾಡಿದರೆ ರೈತ ಅವನ ಹೆಸರು ಹಿಡಿದು ಬೈಯುತ್ತಾನೆ. ಗಡ್ಡದವನು ಮಾಡಿದರೆ 'ಗಡ್ಡದ ಸಾಬರು ಹೀಗೆಯೇ' ಎನ್ನುತ್ತಾನೆ. ಒಬ್ಬನ ತಕ್ಕಡಿಯ ಪಾಪ ಒಂದು ಸಮುದಾಯದ ಮುಖಕ್ಕೆ ಮೆತ್ತುತ್ತದೆ. ಸಾಲ ತೀರಿಸದೆ ತಿರುಗಾಡುವಾಗ, ಬಸ್ಸಿನಲ್ಲಿ ಹೆಂಗಸರ ಸೀಟಿನಿಂದ ಏಳದೆ ಕುಳಿತಾಗಲೂ ಇದೇ ಕಥೆ.

ಈಗತಾನೇ ಗಡ್ಡ ಇಡಲು ತೊಡಗಿದವರಿಗೆ ವುಝೂವಿನ ಒಂದು ಮಸ್ಅಲೆ ತಿಳಿದಿರಲಿ. ಗಡ್ಡ ತೆಳುವಾಗಿದ್ದು ಚರ್ಮ ಕಾಣುತ್ತಿದ್ದರೆ ನೀರು ಚರ್ಮಕ್ಕೆ ತಲುಪಲೇಬೇಕು. ದಟ್ಟವಾಗಿ ಚರ್ಮ ಮರೆಯಾದ ಮೇಲೆ ಮುಖದ ಎಲ್ಲೆಯೊಳಗಿನ ಗಡ್ಡದ ಮೇಲ್ಭಾಗವನ್ನು ತೊಳೆದರೆ ಸಾಕು. ಒದ್ದೆ ಬೆರಳುಗಳನ್ನು ಕೆಳಗಿನಿಂದ ಕೂದಲೊಳಗೆ ಆಡಿಸುವುದು ಸುನ್ನತ್. ಕಡ್ಡಾಯ ಸ್ನಾನದಲ್ಲಿ ಮಾತ್ರ ಗಡ್ಡ ಎಷ್ಟೇ ದಟ್ಟವಾಗಿರಲಿ, ನೀರು ಬುಡಕ್ಕೆ ಇಳಿಯಬೇಕು. ಫಜ್ರ್‌ಗೆ ತಡವಾಯಿತೆಂದು ಎರಡು ಚೆಂಬು ಸುರಿದುಕೊಂಡು ಓಡುವವರು ಬೆರಳಿನಿಂದ ಬುಡ ಮುಟ್ಟಿ ನೋಡಿಕೊಳ್ಳಲಿ.