ಮನೆಯಂಗಳದ ಹುಲ್ಲುಹಾಸು: ಬೋಳು ಬಿದ್ದ ಸ್ಥಳಕ್ಕೆ ಬೀಜದ ಆಯ್ಕೆ

ಮನೆಯ ಮುಂದೆ ಹುಲ್ಲುಹಾಸಿದ್ದರೆ ಧೂಳು ಅಡಗುವುದು, ಮಳೆಯ ನೀರಿಗೆ ಮಣ್ಣು ಕೊಚ್ಚಿಹೋಗುವುದು ತಪ್ಪುವುದು, ಕಣ್ಣಿಗೂ ತಂಪಾಗುವುದು. ಆದರೆ ಒಂದೆರಡು ವರ್ಷಗಳೊಳಗಾಗಿ ಅಲ್ಲಲ್ಲಿ ಬೋಳು ಬೀಳುವುದು ಅನೇಕ ಗೃಹಸ್ಥರ ಅನುಭವವಾಗಿದೆ. ಆಗ ಅಂಗಡಿಯಿಂದ ಚಿತ್ರ ಚೆನ್ನಾಗಿರುವ ಪೊಟ್ಟಣವೊಂದನ್ನು ತಂದು ಬೋಳಿನ ಮೇಲೆ ಚೆಲ್ಲುವರು. ಕೆಲವು ವಾರ ಹಸುರು ತೋರುವುದು. ಬೇಸಗೆ ಬರುತ್ತಲೇ ಅದೇ ಸ್ಥಳ ಮತ್ತೆ ಬೋಳಾಗುವುದು. ಹಣವೂ ನೀರೂ ವ್ಯರ್ಥವಾಗುವುವು. ರೋಗವನ್ನು ತಿಳಿಯದೆ ಮದ್ದು ಕೊಡುವುದು ಹೇಗೋ, ಬೋಳಿನ ಕಾರಣವನ್ನು ತಿಳಿಯದೆ ಬೀಜ ಕೊಳ್ಳುವುದೂ ಹಾಗೆಯೇ.

ಕಾರಣವನ್ನು ಅರಿಯುವ ಬಗೆ

ಮೊದಲು ಬಿಸಿಲನ್ನು ಪರೀಕ್ಷಿಸತಕ್ಕದ್ದು. ಬೆಳಗ್ಗೆ 7 ಗಂಟೆಯಿಂದ ಸಂಜೆ 5 ಗಂಟೆಯವರೆಗೆ ಗಂಟೆಗೊಮ್ಮೆ ನೋಡಿ, ಆ ಸ್ಥಳಕ್ಕೆ ಎಷ್ಟು ಹೊತ್ತು ನೇರವಾಗಿ ಬಿಸಿಲು ಬೀಳುವುದೆಂದು ಬರೆದಿಟ್ಟುಕೊಳ್ಳಬೇಕು. ಎರಡನೆಯದಾಗಿ, ನೆಲ ತೇವವಾಗಿರುವಾಗ ಕಬ್ಬಿಣದ ಸಲಾಕೆಯೊಂದನ್ನು ಚುಚ್ಚಿ ನೋಡಬೇಕು. ಗೇಣುದ್ದ ಇಳಿಯದಿದ್ದರೆ ಮಣ್ಣು ಗಟ್ಟಿಯಾಗಿದೆ, ಇಲ್ಲವೆ ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರೂ ಗಾರೆಯೂ ಅಡಿಯಲ್ಲಿ ಹೂತಿವೆ ಎಂದು ತಿಳಿಯಬಹುದು. ಮೂರನೆಯದಾಗಿ, ಬೋಳಿನ ಅಂಚಿನ ಹುಲ್ಲನ್ನು ಹಿಡಿದು ಎಳೆಯಬೇಕು. ಚಾಪೆಯಂತೆ ಸಲೀಸಾಗಿ ಎದ್ದು ಬಂದರೆ ಬೇರನ್ನು ಗೊಣ್ಣೆಹುಳು ತಿಂದಿರುವ ಸಂಭವವುಂಟು. ಅಲ್ಲಿ ಅಗೆದು ನೋಡಿದರೆ ಬಾಗಿದ ಬಿಳಿಯ ಹುಳುಗಳು ಸಿಕ್ಕುವುವು. ಜನರು ದಿನವೂ ತುಳಿಯುವ ದಾರಿಯಲ್ಲಿ ಬೋಳು ಬಿದ್ದಿದ್ದರೆ ಬೀಜದ ಗೊಡವೆಯೇ ಬೇಡ. ಅಲ್ಲಿ ಕಲ್ಲುಚಪ್ಪಡಿಗಳನ್ನು ಹಾಸುವುದೇ ಲೇಸು.

ಯಾವ ಸ್ಥಳಕ್ಕೆ ಯಾವ ಹುಲ್ಲು

ಬೆಂಗಳೂರು, ಮೈಸೂರು ಮುಂತಾದ ಬಯಲುಸೀಮೆಯ ಊರುಗಳಲ್ಲಿ ದಿನಕ್ಕೆ 6ರಿಂದ 8 ಗಂಟೆ ಬಿಸಿಲು ಬೀಳುವ ಸ್ಥಳಕ್ಕೆ ಗಣಪತಿಯ ಪೂಜೆಗೆ ತರುವ ಗರಿಕೆಗಿಂತ ಮಿಗಿಲಾದುದು ವಿರಳ. ಅದು ಬಿಸಿಲನ್ನೂ ತುಳಿತವನ್ನೂ ಸಹಿಸುವುದು. ನೀರಿಲ್ಲದೆ ಒಣಗಿದಂತೆ ಕಂಡರೂ ಮಳೆ ಬಿದ್ದೊಡನೆ ಚಿಗುರುವುದು. ಆದರೆ ನೆರಳನ್ನು ಮಾತ್ರ ಸಹಿಸದು. ಮಾವು, ಹೊಂಗೆ ಮುಂತಾದ ಮರಗಳ ಕೆಳಗೆ ಎಷ್ಟು ಸಲ ಬಿತ್ತಿದರೂ ಗರಿಕೆ ಎಳೆಯೆಳೆಯಾಗಿ ಸಣಕಲಾಗಿ ಸಾಯುವುದು.

ದಿನಕ್ಕೆ ಮೂರು ನಾಲ್ಕು ಗಂಟೆ ಬಿಸಿಲುಳ್ಳ ಅರೆನೆರಳಿಗೆ ಅಗಲವಾದ ಎಲೆಯ ಕಾರ್ಪೆಟ್ ಹುಲ್ಲು ಅಥವಾ ಸೇಂಟ್ ಅಗಸ್ಟೀನ್ ಹುಲ್ಲು ತಕ್ಕುದು. ಇವನ್ನು ಸಾಮಾನ್ಯವಾಗಿ ಬಳ್ಳಿತುಂಡುಗಳಿಂದಲೇ ನೆಡುವರು. ಅದಕ್ಕಿಂತಲೂ ದಟ್ಟವಾದ ನೆರಳಿನಲ್ಲಿ ಹುಲ್ಲಿನ ಆಸೆಯನ್ನು ಬಿಟ್ಟು, ನೆರಳಿನ ಗಿಡಗಳನ್ನು ನೆಡುವುದು ಜಾಣತನ.

ರೈ ಹುಲ್ಲು, ಕೆಂಟಕಿ ಬ್ಲೂಗ್ರಾಸ್ ಮುಂತಾದವು ತಂಪು ದೇಶದ ಹುಲ್ಲುಗಳು. ರೈ ಹುಲ್ಲಿನ ಬೀಜ ಒಂದು ವಾರ ಹತ್ತು ದಿನಗಳಲ್ಲಿಯೇ ಮೊಳೆತು ಕೊಂಡವರ ಮನಸ್ಸನ್ನು ಸೆಳೆಯುವುದು. ಆದರೆ ನಮ್ಮ ಬಯಲುಸೀಮೆಯ ಬೇಸಗೆಯನ್ನು ಅದು ದಾಟುವುದು ಕಷ್ಟ. ಅಮೇರಿಕದ ದಕ್ಷಿಣ ಸಂಸ್ಥಾನಗಳಲ್ಲಿಯೂ ಚಳಿಗಾಲದ ಹಸುರಿಗಾಗಿ ಮಾತ್ರ ಅದನ್ನು ಗರಿಕೆಯ ಮೇಲೆ ಬಿತ್ತಿ, ಬೇಸಗೆಯಲ್ಲಿ ಸಾಯುವುದೆಂದು ಬಗೆದೇ ಇರುವರು. ಆದುದರಿಂದ ಪೊಟ್ಟಣದ ಮೇಲೆ ಹುಲ್ಲಿನ ಹೆಸರನ್ನು ಓದದೆ ಕೊಳ್ಳಬಾರದು.

ಇನ್ನೊಂದು ವಿಷಯ. ಈಗಿರುವ ಹಾಸು ಮಿಶ್ರತಳಿಯ ನಯವಾದ ಗರಿಕೆಯಾಗಿದ್ದರೆ ಅದಕ್ಕೆ ಹೊಂದುವ ಬೀಜವೇ ದೊರೆಯದು. ಜಾರ್ಜಿಯಾ ಸಂಸ್ಥಾನದ ಟಿಫ್ಟನ್‌ನಿಂದ 1960ರಲ್ಲಿ ಹೊರಬಂದ ಟಿಫ್‌ವೇ ಮುಂತಾದ ತಳಿಗಳು ಬಂಜೆಯಾದುದರಿಂದ ಬಳ್ಳಿಯಿಂದಲೇ ವೃದ್ಧಿಯಾಗುವುವು. ಅಂತಹ ಹಾಸಿನಲ್ಲಿ ಸಾಮಾನ್ಯ ಗರಿಕೆಯನ್ನು ಬಿತ್ತಿದರೆ ಹಳೆಯ ಬಟ್ಟೆಗೆ ಒರಟು ತೇಪೆ ಹಾಕಿದಂತೆ ಕಾಣುವುದು. ಹಾಸಿನ ದಟ್ಟವಾದ ಭಾಗದಿಂದ ಬಳ್ಳಿತುಂಡುಗಳನ್ನು ಕಿತ್ತು ಬೋಳಿನಲ್ಲಿ ನೆಟ್ಟರೆ ಖರ್ಚಿಲ್ಲದೆ ಕೆಲಸ ಮುಗಿಯುವುದು.

ಬೀಜದ ಗುಣವನ್ನು ಅಳೆಯುವುದು

ಚೀಟಿಯಲ್ಲಿ ಶುದ್ಧತೆ, ಮೊಳೆಯುವ ಪ್ರಮಾಣ, ಪರೀಕ್ಷೆಯ ತಾರೀಖು ಇವನ್ನು ನೋಡತಕ್ಕದ್ದು. ಶುದ್ಧತೆ 95, ಮೊಳಕೆ 80 ಇದ್ದರೆ 100 ಗ್ರಾಂ ಬೀಜದಲ್ಲಿ ಜೀವವುಳ್ಳದ್ದು 76 ಗ್ರಾಂ. ಶುದ್ಧತೆ 90, ಮೊಳಕೆ 40 ಇದ್ದರೆ 36 ಗ್ರಾಂ ಮಾತ್ರ. ಎರಡನೆಯದು ಅರ್ಧ ಬೆಲೆಗೆ ದೊರೆತರೂ ಲಾಭವಿಲ್ಲ. ಮೇಲಾಗಿ ಕಸವೂ ಕಳೆಬೀಜವೂ ಅದರಲ್ಲಿ ಹೆಚ್ಚಾಗಿರುವ ಸಂಭವವುಂಟು. ಅನುಮಾನವಿದ್ದರೆ 100 ಬೀಜಗಳನ್ನು ಎಣಿಸಿ, ತಟ್ಟೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಹರಡಿ, ಬೆಳಕಿರುವ ಬೆಚ್ಚನೆಯ ಸ್ಥಳದಲ್ಲಿ ಆರದಂತೆ ಇಟ್ಟು, ಮೂರು ವಾರಗಳಲ್ಲಿ ಮೊಳೆತವನ್ನು ಲೆಕ್ಕ ಮಾಡಬಹುದು. ಹೊಟ್ಟು ತೆಗೆದ ಗರಿಕೆಬೀಜವು ಹೊಟ್ಟಿನೊಡನೆ ಇರುವುದಕ್ಕಿಂತ ಬೇಗ ಮೊಳೆಯುವುದು.

ಬಿತ್ತನೆ

ಬೋಳನ್ನು ಗೇಣುದ್ದ ಅಗೆದು ಕಲ್ಲು ಗಾರೆಗಳನ್ನೂ ತುಂಗೆಗಡ್ಡೆಗಳನ್ನೂ ಆರಿಸಿ ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರಸಿ ಮಟ್ಟ ಮಾಡಬೇಕು. ಹಸಿ ಗೊಬ್ಬರ ಸಲ್ಲದು. ಅದರೊಡನೆ ಗೊಣ್ಣೆಹುಳುವೂ ಕಳೆಯೂ ಬರುವುವು. 10 ಅಡಿ ಉದ್ದ 10 ಅಡಿ ಅಗಲದ ಸ್ಥಳಕ್ಕೆ 50ರಿಂದ 100 ಗ್ರಾಂ ಒಳ್ಳೆಯ ಗರಿಕೆಬೀಜ ಸಾಕು. ಬೀಜ ಅತಿ ಸಣ್ಣದಾದುದರಿಂದ ಒಣ ಮರಳಿನೊಡನೆ ಬೆರಸಿ, ಅರ್ಧವನ್ನು ಉದ್ದಕ್ಕೂ ಉಳಿದರ್ಧವನ್ನು ಅಡ್ಡಕ್ಕೂ ಎರಚಿ, ಕಾಲು ಅಂಗುಲಕ್ಕಿಂತ ಆಳಕ್ಕೆ ಹೋಗದಂತೆ ಮುಚ್ಚಿ ಮೆಲ್ಲಗೆ ಅದುಮಬೇಕು. ಮೊಳೆಯುವವರೆಗೆ ಹೂದಾನಿಯಿಂದ ದಿನಕ್ಕೆರಡು ಮೂರು ಸಲ ತೆಳುವಾಗಿ ನೀರು ಚಿಮುಕಿಸುವುದು ಅಗತ್ಯ. ಬಯಲುಸೀಮೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬಿತ್ತಬಹುದು. ಕರಾವಳಿಯಲ್ಲಿ ಜಡಿಮಳೆ ಬೀಜವನ್ನು ತೊಳೆದೊಯ್ಯುವುದರಿಂದ ಮಳೆಯ ಭರ ತಗ್ಗಿದ ಮೇಲೆ ಬಿತ್ತುವುದು ಮೇಲು. ಡಿಸೆಂಬರ್, ಜನವರಿಯ ಚಳಿಯಲ್ಲಿ ಮೊಳಕೆ ನಿಧಾನವಾಗುವುದು.

ಕಡೆಯದಾಗಿ ಒಂದು ಎಚ್ಚರಿಕೆ. ಅಂಗಳದಲ್ಲಿ ಮಿತ್ರನಾದ ಗರಿಕೆ ಹೊಲದಲ್ಲಿ ರೈತನ ಹಳೆಯ ಶತ್ರು. ಪಕ್ಕದಲ್ಲಿ ತರಕಾರಿ ಮಡಿಗಳಿದ್ದರೆ ನಡುವೆ ಗೇಣುದ್ದ ಆಳಕ್ಕೆ ಇಟ್ಟಿಗೆಯ ಅಂಚು ಕಟ್ಟಿ, ಅದನ್ನು ದಾಟುವ ಬಳ್ಳಿಗಳನ್ನು ಆಗಾಗ ಕತ್ತರಿಸುತ್ತಿರಬೇಕು. ಬಿಸಿಲು, ಮಣ್ಣು, ಹುಳು, ತುಳಿತ ಈ ನಾಲ್ಕನ್ನು ನೋಡಿಕೊಂಡು ಅನಂತರ ಬೀಜಕ್ಕೆ ಹಣ ಕೊಡುವವರಿಗೆ ವರ್ಷವರ್ಷವೂ ಅದೇ ಬೋಳಿಗೆ ಬೀಜ ಚೆಲ್ಲುವ ಕಷ್ಟ ತಪ್ಪುವುದು.